ಎರಡನೇ ಪ್ರತಿ

ಸೊಸೆ ಗೇಟಿನ ಹತ್ತಿರ ಬಂದಾಗ ಅಲ್ಲಿ ಏನೂ ಇರಲಿಲ್ಲ. ಮಾವನ ಪತ್ರಿಕೆಯನ್ನು ಮಾವ ಎತ್ತಿಕೊಂಡಾಗಿತ್ತು, ಅವಳದು ಬಂದೇ ಇರಲಿಲ್ಲ. ಗಂಟೆ ಎಂಟು ಕಾಲು. ಒಂಬತ್ತಕ್ಕೆಲ್ಲ ಇವತ್ತಿನ ಪದಬಂಧದ ಬಗ್ಗೆ ಅವಳ ವಿಮರ್ಶೆ ವಾಟ್ಸಾಪ್ ಗುಂಪಿಗೆ ಹೋಗಬೇಕು.

"ಒಂದು ಹಾಕಿದ್ದಾರಲ್ಲಮ್ಮ," ಎಂದ ಪತ್ರಿಕೆಯ ಏಜೆಂಟು ಫೋನಿನಲ್ಲಿ.

"ನಾಲ್ಕು ತಿಂಗಳಿಂದ ಎರಡು ಹಾಕ್ತಿದ್ದೀರಿ. ಇವತ್ತೇನಾಯ್ತು?"

"ಹೊಸಬ. ಒಂದೇ ಮನೆಗೆ ಎರಡು ಯಾಕೆ ಅಂದ್ಕೊಂಡಿರ್ಬೇಕು. ಕಳಿಸ್ತೀನಿ, ಅರ್ಧ ಗಂಟೆ ಕೊಡಿ."

ಒಂದೇ ಮನೆಗೆ ಎರಡು ಯಾಕೆ ಎಂದು ಗಂಡನೂ ಕೇಳಿದ್ದ. ಮೈಯೆಲ್ಲ ಉರಿದಿತ್ತು ಅವಳಿಗೆ. ಆ ಪತ್ರಿಕೆಯ ಪದಬಂಧ ಸುಮ್ಮನೆ ಬಿಡಿಸುವಂಥದ್ದಲ್ಲ. ಪ್ರತಿ ಸುಳಿವೂ ಹೇಳುವುದು ಒಂದು, ಒಳಗೆ ಬಚ್ಚಿಡುವುದು ಇನ್ನೊಂದು. ಅದರ ಹುಚ್ಚು ಹಿಡಿದ ಮುನ್ನೂರು ಜನರ ಗುಂಪಿಗೆ ದಿನವೂ ಸುಳಿವುಗಳ ಗುಣದೋಷ ಬರೆಯುವವಳು ಇವಳು. ಆದರೆ ಇವಳು ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಮಾವ ಬಾಲ್‌ಪೆನ್ನಿನಲ್ಲಿ ಅಷ್ಟೂ ಮನೆ ತುಂಬಿಸಿರುತ್ತಿದ್ದರು. ಬೇಡಿ ನೋಡಿದಳು, ಸಿಡುಕಿ ನೋಡಿದಳು, ಕೊನೆಗೆ ತನ್ನದೇ ಒಂದು ಪ್ರತಿ ತರಿಸಿಕೊಂಡಳು.

ಹಾಗೆ ನೋಡಿದರೆ ಈ ಹುಚ್ಚು ಹಿಡಿಸಿದವರು ಮಾವನೇ. ನಲವತ್ತು ವರ್ಷ ಔಷಧಿ ಅಂಗಡಿ ನಡೆಸಿದ ಮನುಷ್ಯ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು, "ಸುಳಿವು ಹೇಳೋ ಕಥೆ ನಂಬಬೇಡ. ಮೊದಲು ಮನೆ ಎಷ್ಟಿದೆ ಎಣಿಸು," ಎಂದು ಕಲಿಸಿದ್ದರು. ಈಗ ನೋಡಿದರೆ ಒಂದು ಹಾಳೆಗೆ ಈ ಪಾಟಿ ಹಟ.

"ಮಾವ, ನಿಮ್ಮ ಪತ್ರಿಕೆ ಸ್ವಲ್ಪ ಕೊಡಿ. ನಿಮ್ಮ ಉತ್ತರ ನೋಡಲ್ಲ."

ಮಾವ ಹಾಳೆಯನ್ನು ಮಡಚಿ ತೊಡೆಯ ಕೆಳಗೆ ಇಟ್ಟುಕೊಂಡರು. "ನಿಂದು ಬರುತ್ತಲ್ಲ, ಇರು."

"ಒಂಬತ್ತಕ್ಕೆ ಕಳಿಸ್ಬೇಕು ಮಾವ."

"ಒಂದು ದಿನ ಕಳಿಸದಿದ್ರೆ ಆಕಾಶ ಕಳಚಿ ಬೀಳಲ್ಲ."

ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದ ಗಂಡ ನಕ್ಕ. "ಅಪ್ಪಂದು ಇಪ್ಪತ್ತು ನಿಮಿಷಕ್ಕೆ ಮುಗೀತು. ನಿಂಗೆ ಮುಕ್ಕಾಲು ಗಂಟೆ ಬೇಕು. ಈ ವಯಸ್ಸಲ್ಲೂ ಏನು ತಲೆ ಅಂತೀನಿ."

ಗಾಯದ ಮೇಲೆ ಉಪ್ಪು ಸುರಿಯುವುದರಲ್ಲಿ ಅವನದು ಎತ್ತಿದ ಕೈ. ಮಾವ ಹಾಳೆಯನ್ನು ಕುರ್ಚಿಯ ದಿಂಬಿನ ಕೆಳಗೆ ತುರುಕಿ ಸ್ನಾನಕ್ಕೆ ಎದ್ದ ತಕ್ಷಣ ಅವಳು ಕೈ ಹಾಕಿ ಅದನ್ನು ಎಳೆದುಕೊಂಡಳು.

ಕಣ್ಣು ತಪ್ಪಿಸಿದರೂ ಮೊದಲ ಸಾಲು ಕಂಡೇಬಿಟ್ಟಿತು. ಮೂರು ಮನೆ. ಅದರಲ್ಲಿ ಕ, ಪ್ಪೆ, ಚಿ. ಇದೆಂಥ ಪದ? ಕಿಟಕಿಯ ಬೆಳಕಿಗೆ ಹಾಳೆಯನ್ನು ಓರೆ ಹಿಡಿದಳು. ಪಕ್ಕದ ಕಪ್ಪು ಮನೆಯ ಮೇಲೆ ಶಾಯಿ ಮಿಂಚಿತು. ಅಲ್ಲಿ 'ಪ್ಪು' ಇತ್ತು.

ಕಪ್ಪೆಚಿಪ್ಪು ನಿನ್ನೆಯ ಉತ್ತರ. 'ವಟಗುಟ್ಟುವವನ ಕವಚ ಕಡಲ ದಂಡೆಯಲ್ಲಿ' ಎಂಬ ಆ ಸುಳಿವು ಒಂದನೇ ಕ್ಲಾಸಿನ ಮಕ್ಕಳಿಗೆ ಲಾಯಕ್ಕು ಎಂದು ನಿನ್ನೆ ತಾನೇ ಅವಳು ಗುಂಪಿನಲ್ಲಿ ಜಾಡಿಸಿದ್ದಳು. ಪುಟದ ಕೆಳಗೆ ನಿನ್ನೆಯ ಉತ್ತರಗಳನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು. ಮಾವ ಅದನ್ನೇ ಇವತ್ತಿನ ಮನೆಗಳಿಗೆ ಒಂದೂ ಬಿಡದೆ ಇಳಿಸಿದ್ದರು. ಕಪ್ಪು ಮನೆ ಅಡ್ಡ ಬಂದಲ್ಲಿ ಕಪ್ಪಿನ ಮೇಲೆಯೇ ಬರೆದಿದ್ದರು.

ಮೊದಲು ಬಂದದ್ದು ಸಿಟ್ಟು. ಇದನ್ನು ನಂಬಿಯೇ ಅಲ್ಲವೇ ನಾಲ್ಕು ತಿಂಗಳು ಗಂಡ ಅವಳನ್ನು ಆಡಿಕೊಂಡದ್ದು? ಅವನ ಮುಖಕ್ಕೆ ಹಿಡಿಯೋಣವೆಂದು ಎದ್ದಳು. ಅಷ್ಟರಲ್ಲಿ ಅವನು ಬಚ್ಚಲಿನ ಕಡೆ ತಿರುಗಿ, "ಅಮ್ಮನ ಮಾತ್ರೆ ಆಯ್ತಾ ಅಪ್ಪ?" ಎಂದು ಕೂಗಿದ.

"ವಾರದ್ದೆಲ್ಲ ಡಬ್ಬಿಗೆ ತುಂಬಿಟ್ಟಿದ್ದೀನಿ," ಎಂದಿತು ಒಳಗಿನ ದನಿ.

ಅದನ್ನು ತುಂಬಿದ್ದೂ ಇದೇ ಕೈ. ಅತ್ತೆಯ ಕೋಣೆಗೆ ಓಡಿದಳು. ಹೃದಯದ ಕಾಯಿಲೆಯ ಅತ್ತೆಗೆ ಏಳು ದಿನ, ಎರಡು ಹೊತ್ತು, ಹದಿನಾಲ್ಕು ಮನೆಗಳ ಡಬ್ಬಿ. ಮಾವನ ಹೊರತು ಯಾರೂ ಅದನ್ನು ಮುಟ್ಟುವಂತಿರಲಿಲ್ಲ. ಇವತ್ತಿನ ಬೆಳಿಗ್ಗೆಗೆ ಡಾಕ್ಟರ ಚೀಟಿಯಂತೆ ಮೂರಿರಬೇಕಾದಲ್ಲಿ ಐದು ಮಾತ್ರೆ, ಅದರಲ್ಲಿ ಮೂರು ಒಂದೇ ಥರದ ಬಿಳಿಯವು. ನಾಳೆ ರಾತ್ರಿಯ ಮನೆ ಖಾಲಿ.

"ಅತ್ತೆ, ಇವತ್ತಿಂದು ತಗೊಂಡ್ರಾ?"

"ಇನ್ನೂ ಇಲ್ಲ ಕಣೆ. ಮೊನ್ನೆಯಿಂದ ತಲೆ ಸುತ್ತು. ಹೇಳಿದ್ರೆ, ಊರಿಗೆಲ್ಲ ಮಾತ್ರೆ ಕೊಟ್ಟವನು ನಿಂಗೆ ತಪ್ಪು ಕೊಡ್ತೀನಾ ಅಂದ್ರು. ಆಮೇಲೆ ನಾನೇನು ಹೇಳ್ಲಿ?"

ಸ್ನಾನ ಮುಗಿಸಿ ಬಂದ ಮಾವ, ಸೊಸೆಯ ಒಂದು ಕೈಯಲ್ಲಿ ಹಾಳೆ, ಇನ್ನೊಂದರಲ್ಲಿ ಡಬ್ಬಿ ನೋಡಿ ಬಾಗಿಲಲ್ಲೇ ನಿಂತರು. ಆಮೇಲೆ ಮೆಲ್ಲನೆ ಬಂದು ಕುರ್ಚಿಯಲ್ಲಿ ಕೂತರು.

"ಇದು ನಿನ್ನೆಯದು ಮಾವ."

"ಗೊತ್ತು." ಒದ್ದೆ ಟವೆಲನ್ನು ಮಂಡಿಯ ಮೇಲೆ ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಸುಳಿವು ಓದ್ತೀನಿ. ಕೊನೆಗೆ ಬರೋಷ್ಟರಲ್ಲಿ ಮೊದಲಲ್ಲಿ ಏನಿತ್ತು ಅನ್ನೋದೇ ಹೋಗಿರುತ್ತೆ. ಖಾಲಿ ಬಿಟ್ರೆ ನಿನ್ನ ಗಂಡ ಕೇಳ್ತಾನೆ. ಅವನಿಗೆ ತುಂಬಿದ್ರೆ ಸಾಕು. ನೀನು ನೋಡಿದ್ರೆ ಒಂದೇ ದಿನಕ್ಕೆ ಹಿಡೀತಿದ್ದೆ." ಟವೆಲನ್ನು ಪಕ್ಕಕ್ಕಿಟ್ಟರು. "ನೀನು ಬೇರೆ ಪತ್ರಿಕೆ ತರಿಸ್ಕೊಂಡ್ಯಲ್ಲ, ಅವತ್ತು ಬಚಾವಾದೆ ಅಂದ್ಕೊಂಡೆ. ಆದರೆ ಮಾತ್ರೆ ಸರಿಯಾಗಿದೆ ಅಂತಲೇ ಇದ್ದೆ ನಾನು."

ಮುನ್ನೂರು ಜನರ ಮುಂದೆ ದಿನವೂ ಸುಳಿವಿನ ತಪ್ಪು ಹಿಡಿಯುವವಳು ನಾಲ್ಕು ತಿಂಗಳಲ್ಲಿ ಒಮ್ಮೆಯೂ ಈ ಹಾಳೆಯನ್ನು ನೋಡಿರಲಿಲ್ಲ. ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಗಂಡ ಒಂದೇ ಕಾಲಿಗೆ ಶೂ ಹಾಕಿಕೊಂಡು ಬಾಗಿಲಿಗೆ ಬಂದ. "ಏನಾಯ್ತು?"

"ಡಾಕ್ಟರಿಗೆ ಫೋನ್ ಮಾಡಿ. ಈಗ್ಲೇ. ಅತ್ತೆ ಮಾವ ಇಬ್ಬರನ್ನೂ ಕರ್ಕೊಂಡು ಬರ್ತೀವಿ ಅನ್ನಿ."

ಅವಳ ಫೋನು ರಿಂಗಣಿಸಿತು. ಪತ್ರಿಕೆ ಗೇಟಿಗೆ ಬಂದಿದೆ ಎಂದ ಏಜೆಂಟು.

"ನಾಳೆಯಿಂದ ಒಂದೇ ಸಾಕು," ಎಂದಳು.

ಗಂಡ ಡಾಕ್ಟರ ಹತ್ತಿರ ಮಾತಾಡಿ ಬಂದ. ಡಬ್ಬಿಯಲ್ಲಿರೋದೆಲ್ಲ ತೆಗೆದು ಚೀಟಿಯಲ್ಲಿರೋ ಹಾಗೆ ಹೊಸದಾಗಿ ತುಂಬಬೇಕಂತೆ, ಹತ್ತೂವರೆಗೆ ಬರಬೇಕಂತೆ. ಅವಳು ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ಚೀಟಿಯನ್ನು ಮಾವನ ಮುಂದೆ ಇಟ್ಟಳು. "ನೀವು ಓದಿ ಮಾವ. ನಾನು ತುಂಬ್ತೀನಿ."

ಮಾವ ಕನ್ನಡಕ ಏರಿಸಿ, ಸಾಲಿನ ಕೆಳಗೆ ಬೆರಳಿಟ್ಟರು. "ಬೆಳಿಗ್ಗೆ. ಬಿಳೀದು. ಒಂದು."

ಅವಳು ಏಳು ಮನೆಗೂ ಒಂದೊಂದು ಹಾಕಿದಳು.

"ಎಣಿಸಿದ್ಯಾ?"

"ಎಣಿಸಿದೆ ಮಾವ."

"ಇನ್ನೊಂದು ಸಲ ಎಣಿಸು," ಎಂದರು ಮಾವ, ಬೆರಳನ್ನು ಆ ಸಾಲಿನಿಂದ ತೆಗೆಯದೆ.