ಗೆರೆ ದಾಟಿದ ಕೆಂಪು

ಬೀದಿಯವರೆಲ್ಲ ಅವನನ್ನು ‘ನಾಳೆ ಟೇಲರ್’ ಎಂದೇ ಕರೆಯುತ್ತಿದ್ದರು. ಯಾವ ಬಟ್ಟೆ ಕೇಳಿದರೂ ಅವನ ಉತ್ತರ ಅದೊಂದೇ. ಇಸ್ತ್ರಿಪೆಟ್ಟಿಗೆ ತಗುಲಿ ಬಲ ಮುಂಗೈಯಲ್ಲಿ ಬೊಬ್ಬೆ ಎದ್ದಾಗ ಅದಕ್ಕೂ ಅದೇ ಉತ್ತರ ಕೊಟ್ಟ. ಬೊಬ್ಬೆ ಒಡೆದು ಕೀವಾಯಿತು. ಡ್ರಾಯರಿನ ಗುಂಡಿಗಳ ನಡುವೆ ಒಂದು ಮುಲಾಮಿನ ಟ್ಯೂಬು ಬಿದ್ದಿತ್ತು; ಯಾರಿಗೆ, ಯಾವಾಗ ಕೊಟ್ಟದ್ದೋ. ಸೂಜಿ ಚುಚ್ಚಿಕೊಂಡವರಿಗೆಲ್ಲ ಅಂಗಡಿಯಲ್ಲಿ ಅದೇ ಮದ್ದು. ಐದು ದಿನ ಅದನ್ನೇ ಬಳಿದ.

ಆರನೆಯ ದಿನ ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ತನ್ನ ಬಿಳಿ ಕೋಟು ಕೇಳಲು ಬಂದಳು.

“ನಾಳೆ ಕೊಡ್ತೀನಿ ನರ್ಸಮ್ಮ.”

“ಕೋಟು ಇರ್ಲಿ, ಕೈ ತೋರಿಸಿ. ಬಾತಿದೆ, ಸುತ್ತ ಕೆಂಪಾಗಿದೆ, ಬಿಸಿನೂ ಇದೆ. ಇವತ್ತೇ ಡಾಕ್ಟ್ರ ಹತ್ರ ಹೋಗಿ.”

“ಮುಲಾಮು ಹಚ್ತಾ ಇದೀನಲ್ಲ. ಇನ್ನೂ ಸ್ವಲ್ಪ ದಪ್ಪಗೆ ಹಚ್ಚಿದ್ರಾಯ್ತು.”

“ಅದು ಮೇಲ್ಮೇಲಿನ ಸಣ್ಣ ಸೋಂಕಿಗೆ. ಚರ್ಮದ ಆಳಕ್ಕೆ ಇಳಿದ ಮೇಲೆ ಎಷ್ಟು ಬಳಿದ್ರೂ ಅಲ್ಲಿಗೆ ಮುಟ್ಟಲ್ಲ. ಒಳಗಿನ ಲೈನಿಂಗ್ ಹರಿದ್ರೆ ಕೋಟಿನ ಮೇಲೆ ತೇಪೆ ಹಾಕ್ತೀರಾ?”

ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತಲಿಲ್ಲ. “ಹಾಕ್ತಾರೆ. ನಾನು ನೋಡಿದೀನಿ.”

“ಶಾಲೆಯ ಹದಿನಾರು ಅಂಗಿ ಮುಗೀಲಿ, ನಾಳೆ ಹೋಗ್ತೀನಿ” ಎಂದ ಟೇಲರ್.

ನರ್ಸಮ್ಮ ಪೆನ್ನು ತೆಗೆದು ಕೆಂಪಿನ ಅಂಚಿನುದ್ದಕ್ಕೂ ಗೆರೆ ಎಳೆದಳು. “ನನ್ನ ಕೋಟಿಗೆ ನಾಳೆ ಹೇಳಿ, ಕೈಗೆ ಹೇಳ್ಬೇಡಿ. ಕೆಂಪು ಈ ಗುರುತು ದಾಟಿದ್ರೆ, ಇಲ್ಲಾ ಜ್ವರ ಬಂದ್ರೆ, ಒಂದು ಗಳಿಗೆನೂ ಕಾಯ್ಬೇಡಿ.”

ಗುರುತನ್ನು ಟೇಲರ್ ಅಲಕ್ಷ್ಯ ಮಾಡಲಾರ. ಮೂವತ್ತು ವರ್ಷ ಅವನ ಕತ್ತರಿ ಗೆರೆ ದಾಟಿದ್ದಿಲ್ಲ. ಮಧ್ಯಾಹ್ನ ನೋಡಿದರೆ ಕೆಂಪು ಆ ಗೆರೆಯಿಂದ ಎರಡು ಬೆರಳು ಆಚೆಗಿತ್ತು. ಮೈ ಚಳಿಗೆ ನಡುಗುತ್ತಿತ್ತು. ಕತ್ತರಿ ಹಿಡಿಯಲು ಹೋದ; ಬೆರಳು ಮಡಚಲಾಗಲಿಲ್ಲ. ಈ ಕೈ ಹೋದರೆ ಅಂಗಡಿಯೂ ಹೋದಂತೆ.

“ಬಾಗಿಲು ಹಾಕೇ” ಎಂದ. “ಈಗ್ಲೇ ಹೋಗೋಣ.”

ಅವನ ಬಾಯಲ್ಲಿ ‘ಈಗ್ಲೇ’ ಕೇಳಿ ಹೆಂಡತಿಗೆ ಗಾಬರಿಯೇ ಆಯಿತು.

ಡಾಕ್ಟರು ಕೀವು ತೆಗೆದು ಏಳು ದಿನದ ಮಾತ್ರೆ ಬರೆದರು. ಮೂರನೆಯ ದಿನ ಕೆಂಪು ಮತ್ತೆ ಗೆರೆಯೊಳಕ್ಕೆ ಸರಿಯಿತು. ಟೇಲರ್ ಮಿಕ್ಕ ಮಾತ್ರೆಗಳನ್ನು ಡ್ರಾಯರಿಗೆ ತಳ್ಳಿದ. “ಇನ್ಯಾರಿಗಾದ್ರೂ ಉಪಯೋಗಕ್ಕೆ ಬರುತ್ತೆ.”

ಹೆಂಡತಿ ಮಾತ್ರೆಗಳನ್ನು ಹೊರಗೆ ತೆಗೆದಳು, ಹಳೆಯ ಟ್ಯೂಬನ್ನು ಕಸಕ್ಕೆ ಹಾಕಿದಳು. “ಕೊನೆಗೆ ಗಂಟು ಹಾಕದೆ ದಾರ ಕತ್ತರಿಸಿದ್ರೆ ಗುಂಡಿ ನಿಲ್ಲುತ್ತಾ?”

ಅವನು ನೀರಿನ ಲೋಟಕ್ಕೆ ಕೈ ಚಾಚಿದ. ಬಲಗೈಯನ್ನೇ.

ನಿಮ್ಮ ಮನೆಯ ಡ್ರಾಯರಿನಲ್ಲೂ ಅಂಥದೊಂದು ಟ್ಯೂಬು ಇರಬಹುದು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಬಾವು, ಕೀವು, ಜ್ವರ ಕಂಡರೆ ಅದನ್ನು ನಂಬಿ ಕೂರಬೇಡಿ. ಅವತ್ತೇ ವೈದ್ಯರಿಗೆ ತೋರಿಸಿ. ಕೊಟ್ಟ ಮಾತ್ರೆಯನ್ನು ಹೇಳಿದಷ್ಟು ದಿನವೂ ನುಂಗಿ. ‘ನಾಳೆ’ ಎನ್ನುವುದನ್ನು ಟೇಲರಿಗೇ ಬಿಡಿ.