ಹೊರಗಿನ ಡಬ್ಬಿಯ ನೀರು

ಆ ಊರು ಇರುವುದು ಬಟ್ಟಲಿನ ತಳದಲ್ಲಿ. ಮೂರು ಕಡೆ ಗುಡ್ಡ, ನಾಲ್ಕನೆಯ ಕಡೆ ಒಂದು ಸೀಳು. ರಸ್ತೆ, ಹಳ್ಳ ಎರಡೂ ಒಂದನ್ನೊಂದು ಒತ್ತರಿಸಿಕೊಂಡು ಆ ಸೀಳಿನಿಂದಲೇ ಹೊರಗೆ ಹೋಗಬೇಕು. ಪಶ್ಚಿಮದ ಗುಡ್ಡ ಎತ್ತರವಾದ್ದರಿಂದ ಸಂಜೆ ನಾಲ್ಕಕ್ಕೇ ಸೂರ್ಯ ಮರೆಯಾಗುತ್ತಾನೆ. ಚಳಿಗಾಲದಲ್ಲಿ ಬೆಳಿಗ್ಗೆ ಹತ್ತಾದರೂ ಮಂಜು ಅಂಗಳ ಬಿಟ್ಟು ಏಳುವುದಿಲ್ಲ. ಗುಡ್ಡದ ಮೈಮೇಲೆ ಎರಡಾಳು ದಪ್ಪದ ಮಣ್ಣು, ಅದರಡಿ ನುಣುಪಾದ ಬಂಡೆ. ಮಣ್ಣು ಬಂಡೆಯನ್ನು ಹಿಡಿದುಕೊಂಡಿಲ್ಲ. ಸುಮ್ಮನೆ ಅದರ ಮೇಲೆ ಕೂತಿದೆ.

ಜನ ಇನ್ನೂರ ಹನ್ನೆರಡು. ಬಂಡೆಯ ಮೇಲಿನ ಹಳೆಯ ಸಾಲಿನಲ್ಲಿ ನೂರ ಮೂವತ್ತೆಂಟು, ಹಳ್ಳದ ಪಕ್ಕದ ಸಮತಟ್ಟಿನಲ್ಲಿ ಕಟ್ಟಿದ ಹೊಸ ಸಾಲಿನಲ್ಲಿ ಎಪ್ಪತ್ತನಾಲ್ಕು. ಎಳೆಯ ಸಂಸಾರಗಳೆಲ್ಲ ಹೊಸ ಸಾಲಿನವು. ಮೇಲೆ ಇನ್ನು ಒಂದು ಕೋಳಿಗೂಡು ಕಟ್ಟಲೂ ಜಾಗವಿರಲಿಲ್ಲ. ಒಂಬತ್ತು ವರ್ಷದ ಹಿಂದೆ ಭೂಮಾಪನದವರು ಬಂದು, ಶಾಲೆಯ ಮೇಷ್ಟ್ರ ಮಳೆಪುಸ್ತಕ ತಿರುವಿ, ಇಲ್ಲಿ ದಿನಕ್ಕೆ ನೂರು ಮಿಲಿಮೀಟರ್ ದಾಟಿದ ದಾಖಲೆಯೇ ಇಲ್ಲ ಎಂದು ನೋಡಿ, ಹಳ್ಳ ಇಷ್ಟರವರೆಗೆ ಮಾತ್ರ ಏರುತ್ತದೆಂದು ಗೆರೆ ಎಳೆದುಕೊಟ್ಟಿದ್ದರು. ಗೆರೆಯ ಆಚೆ ಹತ್ತೊಂಬತ್ತು ಮನೆ ಎದ್ದವು. ಊರು ಖಾಲಿಯಾಗದೆ ಉಳಿದದ್ದು ಮೇಷ್ಟ್ರ ಪುಸ್ತಕದಿಂದ ಎಂದು ಇವತ್ತಿಗೂ ಹೇಳುತ್ತಾರೆ. ಅಂದರೆ, ಆ ದಿನದವರೆಗೂ ಹೇಳುತ್ತಿದ್ದರು.

ಮೂವತ್ತೊಂದು ವರ್ಷ ದಿನಾ ಬೆಳಿಗ್ಗೆ ಎಂಟೂವರೆಗೆ ಮೇಷ್ಟ್ರು ಶಾಲೆಯ ಹಿಂದಿನ ಮಳೆಮಾಪಕದ ಮುಂದೆ ನಿಲ್ಲುತ್ತಿದ್ದರು. ಮಂಡಿ ಕೈಕೊಟ್ಟ ಮೇಲೆ, ಅಂದರೆ ಎರಡು ವರ್ಷದಿಂದ, ಆ ಕೆಲಸ ಮಗಳದು. ಅವಳು ಊರಿನ ಅಂಚೆ ಹಂಚುವವಳು. ಆದರೆ ಕಾಗದ ಯಾರಿಗೆ ಬರುತ್ತದೆ ಈಗ? ಜನ ಅವಳನ್ನು ಮಳೆಯಕ್ಕ ಎಂದೇ ಕರೆಯುತ್ತಾರೆ. ಆ ಎರಡು ವರ್ಷದಲ್ಲಿ ಹೇಳಿಕೊಳ್ಳುವಂಥ ಮಳೆಯೇ ಬಂದಿರಲಿಲ್ಲ.

ಆ ದಿನ ಬಂದಿತ್ತು. ಸಂಜೆ ಹಿಡಿದದ್ದು ಬೆಳಗಾದರೂ ಬಿಟ್ಟಿರಲಿಲ್ಲ. ಮಳೆಯಕ್ಕ ಕೊಡೆಯನ್ನು ಕತ್ತಿಗೆ ಸಿಕ್ಕಿಸಿಕೊಂಡು ಮಾಪಕದ ಲಾಳಿಕೆ ಎತ್ತಿದಳು. ಒಳಗಿನ ಬಾಟಲಿ ಕಂಠದವರೆಗೆ ತುಂಬಿತ್ತು. ಬಾಟಲಿಯ ಸುತ್ತಲಿನ ತಗಡಿನ ಡಬ್ಬಿಯಲ್ಲೂ ನೀರು ನಿಂತಿತ್ತು.

ಅಪ್ಪ ಕಲಿಸಿದ್ದು ಅವಳಿಗೆ ಬಾಯಿಪಾಠ. ಬಾಟಲಿ ಅಳೆ, ಬರೆ, ಚೆಲ್ಲು. ಡಬ್ಬಿಯಲ್ಲಿ ನೀರು ಕಂಡರೆ ಅದು ಬೆಸುಗೆಯ ಸಂದಿಯಿಂದ ಸೋರಿದ್ದು, ಸುಮ್ಮನೆ ಚೆಲ್ಲು. ಆ ಸೋರಿಕೆಗೆಂದು ಅಪ್ಪ ತಗಡಿನವನನ್ನು ಎರಡು ಸಲ ಕರೆಸಿದ್ದರು. ಬೆಸುಗೆ ಗಟ್ಟಿಯಾಗಿದೆ ಅಂತ ಅವನು, ನಿನ್ನ ಕಣ್ಣೇ ಸೋರುತ್ತಿದೆ ಅಂತ ಇವರು, ಜಗಳವೇ ಆಗಿತ್ತು.

ಚೆಲ್ಲಲು ಡಬ್ಬಿ ಬಗ್ಗಿಸಿದವಳು ತಡೆದಳು. ಸಂದಿಯಿಂದ ಬಂದ ನೀರಾದರೆ ಬಾಟಲಿ ಯಾಕೆ ತುಂಬಿ ತುಳುಕಬೇಕು? ಅಳತೆಯ ಗಾಜಿಗೆ ಡಬ್ಬಿಯ ನೀರನ್ನು ಹುಯ್ದು ಹುಯ್ದು ನೋಡಿದಳು. ಎಂಬತ್ತಾರು. ಬಾಟಲಿಯದು ನೂರು. ಬಾಟಲಿ ಹಿಡಿಯುವುದೇ ಅಷ್ಟು. ಮಿಕ್ಕದ್ದನ್ನು ಹಿಡಿಯಲೆಂದೇ ಡಬ್ಬಿ ಇರುವುದು.

ಮನೆಗೆ ಬಂದವಳೇ ಅಪ್ಪನ ಮೂವತ್ತೊಂದು ಪುಸ್ತಕಗಳನ್ನೂ ಮೇಜಿನ ಮೇಲೆ ಹರವಿದಳು. ತೊಂಬತ್ತೇಳು ಪಾಯಿಂಟ್ ಎರಡು ಇತ್ತು, ತೊಂಬತ್ತೊಂಬತ್ತು ಪಾಯಿಂಟ್ ನಾಲ್ಕು ಇತ್ತು. ನೂರ ಒಂದು ಇರಲಿಲ್ಲ, ನೂರ ನಾಲ್ಕೂ ಇರಲಿಲ್ಲ. ಬರೀ ನೂರು ಮಾತ್ರ ಹದಿನಾಲ್ಕು ಸಲ ಇತ್ತು, ಅಪ್ಪನ ದುಂಡನೆಯ ಅಕ್ಷರದಲ್ಲಿ, ಪಾಯಿಂಟ್ ಸೊನ್ನೆ ಸಮೇತ. ಮಳೆಗೆ ಪೂರ್ಣಸಂಖ್ಯೆಯ ಮೇಲೆ ಅಂಥ ಮಮಕಾರ ಇರುವುದಿಲ್ಲ.

"ಅಪ್ಪಾ, ಇದನ್ನ ನೋಡಿ."

ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು. ಅವಳು ಹೇಳಿದ್ದನ್ನು ಪೂರ್ತಿ ಕೇಳಿದರು. ಮೂವತ್ತಮೂರು ವರ್ಷದ ಹಿಂದೆ ಮಾಪಕ ನೆಟ್ಟವನು ಬಿರುಬೇಸಿಗೆಯಲ್ಲಿ ಬಂದು, ಒಂದು ಚೊಂಬು ನೀರು ಹುಯ್ದು ತೋರಿಸಿ, ಹತ್ತು ನಿಮಿಷದಲ್ಲಿ ಹೊರಟುಹೋಗಿದ್ದ. ಆ ಚೊಂಬಿಗೆ ಬಾಟಲಿ ಅರ್ಧವೂ ತುಂಬಿರಲಿಲ್ಲ. ಡಬ್ಬಿಯ ಮಾತು ಅವನೂ ಆಡಲಿಲ್ಲ, ಇವರೂ ಕೇಳಲಿಲ್ಲ. ಕೇಳಿ ಅಭ್ಯಾಸವಿಲ್ಲ ಮೇಷ್ಟ್ರಿಗೆ, ಹೇಳಿ ಅಭ್ಯಾಸ.

"ಚೆಲ್ಲಿಬಿಟ್ಟೆ ನಾನು," ಅಂದರು. ಮತ್ತೆ, "ಅಷ್ಟೂ ಚೆಲ್ಲಿಬಿಟ್ಟೆ."

"ಕೆಳಗಿನವರನ್ನ ಈಗಲೇ ಮೇಲೆ ಕರೀಬೇಕು. ಆ ಗೆರೆ ಸುಳ್ಳು ಅಂತ ಹೇಳ್ಬೇಕು."

"ಕರಿ. ಮಳೆ ಜೋರಿದೆ, ಮೇಲೆ ಬನ್ನಿ ಅನ್ನು. ಪುಸ್ತಕದ ಮಾತು ಎತ್ತಬೇಡ." ಅವರು ಪುಸ್ತಕಗಳನ್ನು ತಮ್ಮ ಕಡೆಗೆ ಎಳೆದುಕೊಂಡರು. "ನಾನು ಇನ್ನೊಂದು ಸಲ ಸರಿಯಾಗಿ ನೋಡ್ತೀನಿ. ದುಡುಕಬಾರದು."

ಅವಳು ಎದುರಾಡಲಿಲ್ಲ. ನಲವತ್ತೊಂದು ವರ್ಷದಲ್ಲಿ ಅಪ್ಪನ ಮಾತನ್ನು ಮೀರಿದ ನೆನಪು ಅವಳಿಗಿರಲಿಲ್ಲ. ಆ ದನಿ ಅಷ್ಟು ಸಣ್ಣದಾಗಿ ಕೇಳಿದ್ದೂ ಇಲ್ಲ.

ಒಂಬತ್ತೂವರೆಗೆ ಹೊಸ ಸಾಲು ತಲುಪಿದಳು. ಹಳ್ಳ ಕೆಂಪಗೆ ಹರಿಯುತ್ತಿತ್ತು, ಆದರೆ ಗೆರೆಯಿಂದ ಇನ್ನೂ ಕೆಳಗಿತ್ತು. ಮೊದಲ ಮನೆ ಬಡಗಿಯದು. ಅವನು ಬಾಗಿಲಿನ ಚೌಕಟ್ಟಿಗೆ ಉಜ್ಜುಗೊರಡು ಹಾಕುತ್ತಿದ್ದ. ಎದುರುಮನೆಯ ದರ್ಜಿ ಚಹದ ಲೋಟ ಹಿಡಿದು ಮರದ ರಾಶಿಯ ಮೇಲೆ ಕೂತಿದ್ದ. ಆ ಸಾಲಿನಲ್ಲಿ ಬಡಗಿ ಎದ್ದರೆ ಎಲ್ಲರೂ ಎದ್ದಂತೆ.

"ನೂರ ಎಂಬತ್ತಾರು ಬಿದ್ದಿದೆ," ಅಂದಳು ಮಳೆಯಕ್ಕ. "ಇನ್ನೂ ಬೀಳುತ್ತೆ. ಎಲ್ಲರೂ ಶಾಲೆಗೆ ಬಂದುಬಿಡಿ."

ಬಡಗಿ ತಲೆ ಎತ್ತಿದ. "ಬಾಟಲಿ ಹಿಡಿಯೋದೇ ನೂರು ಅಂತ ಮೇಷ್ಟ್ರು ನಮಗೆ ಕ್ಲಾಸಲ್ಲಿ ಹೇಳ್ತಿದ್ರು. ಮಿಕ್ಕ ಎಂಬತ್ತಾರನ್ನ ಬೊಗಸೇಲಿ ಹಿಡ್ಕೊಂಡು ಬಂದ್ಯಾ ಅಕ್ಕ?"

"ಅಂಚೆ ಚೀಲದಲ್ಲಿ ತಂದಿರ್ಬೇಕು," ಅಂದ ದರ್ಜಿ. "ಹೇಗೂ ಖಾಲಿ ಇರುತ್ತಲ್ಲ."

ಅವಳೂ ನಕ್ಕಳು. ಅದೊಂದು ನಗು ಅವಳಿಗೆ ಆಮೇಲೆ ನುಂಗಲೂ ಆಗದ, ಉಗುಳಲೂ ಆಗದ ತುತ್ತಾಯಿತು.

"ತಮಾಷೆ ಬಿಡು," ಬಡಗಿ ಅಂದ. "ಆರು ವರ್ಷದ ಹಿಂದೆ ಮೂರು ದಿನ ಹೊಡೀತಲ್ಲ, ಅದರ ಮುಂದೆ ಇದು ಯಾವ ಲೆಕ್ಕ? ಆಗ ಪುಸ್ತಕ ಏನಂತು? ನೂರು. ಹಾಗಿರೋವಾಗ ಇದು ನೂರ ಎಂಬತ್ತಾರು ಹೇಗಾಗುತ್ತೆ, ನೀನೇ ಹೇಳು."

ತರ್ಕ ಸರಿಯಾಗಿತ್ತು. ಅಪ್ಪನ ಶಾಲೆಯಲ್ಲಿ ಕಲಿತವನ ತರ್ಕ. ಉತ್ತರ ಒಂದೇ ವಾಕ್ಯದ್ದು, ಅದು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಮೇಷ್ಟ್ರು ಹೇಳಿದ್ರಾ ಬನ್ನಿ ಅಂತ?" ಬಡಗಿ ಉಜ್ಜುಗೊರಡು ಕೆಳಗಿಟ್ಟ. "ಅವರು ಹೇಳಿದ್ರೆ ನಾನು ಈಗಲೇ ಹೊರಟೆ."

"ಅಪ್ಪ... ಪುಸ್ತಕ ನೋಡ್ತಿದ್ದಾರೆ."

"ನೋಡಲಿ. ನೋಡಿ ಹೇಳಲಿ." ಅವನು ಮತ್ತೆ ಉಜ್ಜುಗೊರಡು ಎತ್ತಿಕೊಂಡ. "ಅಳತೆ ಎಲ್ಲೋ ತಪ್ಪಿದ್ದೀಯ ಅಕ್ಕ. ಬೇಜಾರು ಮಾಡ್ಕೋಬೇಡ. ಮೊದಮೊದಲು ಎಲ್ಲರಿಗೂ ಆಗುತ್ತೆ."

ಒಳಬಾಗಿಲಲ್ಲಿ ಬಡಗಿಯ ಹೆಂಡತಿ ಸೊಂಟದ ಮೇಲೆ ಮಗು ಇಟ್ಟುಕೊಂಡು ನಿಂತಿದ್ದಳು. ಮಳೆಯಕ್ಕನ ಮುಖವನ್ನೇ ನೋಡುತ್ತಿದ್ದಳು.

ಉಳಿದ ಹದಿನೆಂಟು ಮನೆಗೂ ಹೋದಳು. ಬಡಗಿ ಏನಂದ ಅಂತ ಎಲ್ಲರೂ ಕೇಳಿದರು.

ಮೇಲೆ ಬಂದಾಗ ಮೇಷ್ಟ್ರು ಒಂಬತ್ತನೆಯ ಪುಸ್ತಕದಲ್ಲಿದ್ದರು. ಒಂದೊಂದು ನೂರಕ್ಕೂ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕುತ್ತಿದ್ದರು. ಮೂವತ್ತೊಂದನೆಯ ಪುಸ್ತಕ ಮುಗಿಯುವ ಹೊತ್ತಿಗೆ ಹನ್ನೆರಡು ಹೊಡೆದಿತ್ತು. ಮಳೆ ಒಂದಿಷ್ಟೂ ತಗ್ಗಿರಲಿಲ್ಲ. ಅವರು ಕನ್ನಡಕ ತೆಗೆದು ಮಡಚಿದರು.

"ಮಾಪಕ ಕಿತ್ತುಕೊಂಡು ಬಾ. ತೋರಿಸದೆ ಅವರಿಗೆ ತಿಳಿಯೋಲ್ಲ."

ಕೋಲೂರಿಕೊಂಡು, ಮಗಳ ಹೆಗಲು ಹಿಡಿದುಕೊಂಡು, ಆ ಇಳಿಜಾರು ಇಳಿಯಲು ಮೇಷ್ಟ್ರಿಗೆ ಮುಕ್ಕಾಲು ಗಂಟೆ ಹಿಡಿಯಿತು. ಮೇಷ್ಟ್ರು ಬಂದರೆಂದು ಬಡಗಿಯ ಕೊಟ್ಟಿಗೆಯಲ್ಲಿ ಸಾಲಿನವರೆಲ್ಲ ಸೇರಿದರು. ಅವರು ಕೂರಲಿಲ್ಲ. ಬಾಟಲಿಯನ್ನು ಡಬ್ಬಿಯೊಳಗಿಟ್ಟು, ಮೇಲೆ ಲಾಳಿಕೆ ಕೂರಿಸಿ, ಒಂದು ಕೊಡ ನೀರು ಹುಯ್ಯಿಸಿದರು. ಲಾಳಿಕೆ ತೆಗೆದು ತೋರಿಸಿದರು. ಪಾಠ ಮಾಡುವ ದನಿಯಲ್ಲೇ ಎಲ್ಲವನ್ನೂ ಹೇಳಿದರು. "ನಾನು ಬಾಟಲಿ ಮಾತ್ರ ಅಳೀತಿದ್ದೆ. ಇದನ್ನ ಚೆಲ್ಲುತ್ತಿದ್ದೆ. ಆ ಗೆರೆ ತಪ್ಪು. ಏಳಿ."

ಯಾರೂ ಏಳಲಿಲ್ಲ. ಬಡಗಿಯ ಕಣ್ಣು ಒದ್ದೆಯಾಗಿತ್ತು.

"ಮೇಷ್ಟ್ರೇ, ಮಗಳ ಮಾನ ಉಳಿಸೋಕೆ ನೀವು ಈ ವಯಸ್ಸಲ್ಲಿ, ಈ ಮಳೇಲಿ... ಬೇಡಿ. ಅವಳು ತಪ್ಪು ಅಳೆದ್ರೆ ಅಳೆದಳು. ನಾವು ಯಾರು ಏನಂದ್ವಿ? ನೀವು ತಪ್ಪು ಬರೆದ್ರಿ ಅಂತ ನಿಮ್ಮ ಬಾಯಿಂದ ಕೇಳೋ ಹಾಗೆ ಮಾಡಬೇಡಿ ನಮ್ಮನ್ನ."

ಹಲವರು ಹೌದೆಂದು ತಲೆ ಆಡಿಸಿದರು. ಮೂವತ್ತೊಂದು ವರ್ಷದ ಗೌರವ ಗೋಡೆಯಂತೆ ಎದುರು ನಿಂತಿತು. ಅದನ್ನು ಕಟ್ಟಿದವರಿಗೇ ಅದನ್ನು ದಾಟಲು ಆಗಲಿಲ್ಲ.

ಆಗ ಬಡಗಿಯ ಹೆಂಡತಿ ಹಿಂದಿನಿಂದ ಕೇಳಿದಳು. "ಆರು ವರ್ಷದ ಹಿಂದೆ ನೂರು ಅಂದಿದ್ರಲ್ಲ ಮೇಷ್ಟ್ರೇ. ನಿಜವಾಗ್ಲೂ ಎಷ್ಟು ಬಿದ್ದಿತ್ತು?"

ಮೇಷ್ಟ್ರು ಅವಳ ಕಡೆ ತಿರುಗಿದರು. "ಗೊತ್ತಿಲ್ಲಮ್ಮ."

ಅಲ್ಲಿದ್ದ ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಅಕ್ಷರ ತಿದ್ದಿದವರು. ಆ ಪದವನ್ನು ಅವರ ಬಾಯಲ್ಲಿ ಒಬ್ಬರೂ ಕೇಳಿರಲಿಲ್ಲ. ಬಡಗಿಯ ಹೆಂಡತಿ ಮಗುವನ್ನು ಎತ್ತಿಕೊಂಡಳು, ದೊಡ್ಡ ಮಗಳ ಕೈ ಹಿಡಿದಳು, ಚಪ್ಪಲಿ ಕೂಡ ಮೆಟ್ಟದೆ ಹೊರಟಳು. ಅವಳ ಹಿಂದೆ ಹೆಂಗಸರು, ಹೆಂಗಸರ ಹಿಂದೆ ಗಂಡಸರು. ಇಬ್ಬರು ಮೇಷ್ಟ್ರನ್ನು ಹೊತ್ತುಕೊಂಡರು.

"ನಡೀರಿ, ಮರ ಅಟ್ಟಕ್ಕೆ ಹಾಕಿ ಬರ್ತೀನಿ," ಅಂದ ಬಡಗಿ. ಅವನಿಗೆ ಇನ್ನೂ ನಂಬಿಕೆ ಬಂದಿರಲಿಲ್ಲ. ಹೆಂಡತಿ ಹೊರಟಳಲ್ಲ ಎಂದು ಒಪ್ಪಿದ್ದ, ಅಷ್ಟೆ. ಕೈಜೋಡಿಸಲು ಅವನ ಅಣ್ಣ, ಅತ್ತಿಗೆ ಉಳಿದರು. ಇಡೀ ದಿನ ಶಾಲೆಯ ನೆಲದ ಮೇಲೆ ಕೂರುವುದು ನನ್ನಿಂದಾಗದು ಎಂದು ದರ್ಜಿಯ ತಾಯಿ ಹಟ ಹಿಡಿದಳು. ಅವಳನ್ನು ಒಪ್ಪಿಸಲು ದರ್ಜಿ ಉಳಿದ.

ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ ಪಶ್ಚಿಮದ ಗುಡ್ಡ ಜಾರಿತು. ಶಾಲೆಯ ಜಗುಲಿಯಿಂದ ಎಲ್ಲರೂ ನೋಡಿದರು. ಮೊದಲು ಮರಗಳು ನಿಂತ ಹಾಗೆಯೇ, ನೆಟ್ಟಗೆ, ಕೆಳಗೆ ಬಂದವು. ಸದ್ದು ಆಮೇಲೆ. ಮಣ್ಣು ಹಳ್ಳಕ್ಕೆ ಬಿದ್ದು, ಹಳ್ಳವನ್ನು ತುಂಬಿ, ಗೆರೆಯನ್ನೂ ಹತ್ತೊಂಬತ್ತು ಮನೆಗಳನ್ನೂ ದಾಟಿ ರಸ್ತೆಯ ಮೇಲೆ ನಿಂತಿತು. ಅಗೆದ ಹೊಲದ ವಾಸನೆ ಮೇಲಿನವರೆಗೂ ಬಂತು. ಎಲ್ಲ ಸೇರಿ ಉಸಿರು ನಾಲ್ಕು ಸಲ ಎಳೆದು ಬಿಡುವಷ್ಟು ಹೊತ್ತು, ಅಷ್ಟೆ.

ಐದು ದಿನ ಅಗೆದರು. ದರ್ಜಿ ಸಿಕ್ಕಿದ, ಅವನ ತಾಯಿ ಸಿಕ್ಕಳು, ಬಡಗಿಯ ಅತ್ತಿಗೆ ಸಿಕ್ಕಳು. ಬಡಗಿ, ಅವನ ಅಣ್ಣ ಸಿಗಲಿಲ್ಲ.

ಶಾಲೆಯ ಎರಡು ಕೋಣೆಯಲ್ಲಿ ಅರವತ್ತೊಂಬತ್ತು ಜನ. ಬೆಂಚುಗಳನ್ನು ಜೋಡಿಸಿ ಮಲಗುತ್ತಿದ್ದರು, ಕಪ್ಪುಹಲಗೆಯ ಮೊಳೆಗೆ ಒದ್ದೆ ಬಟ್ಟೆ ನೇತುಹಾಕುತ್ತಿದ್ದರು. ಮೇಷ್ಟ್ರು ಬಂದರೆ ಎದ್ದು ನಿಲ್ಲುತ್ತಿದ್ದರು. ನೀವು ಬರದಿದ್ದರೆ ನಾವ್ಯಾರೂ ಇರುತ್ತಿರಲಿಲ್ಲ ಎಂದು ಅವರ ಕಾಲು ಮುಟ್ಟುತ್ತಿದ್ದರು. ಮೇಷ್ಟ್ರು ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು. ಮೂರನೆಯ ದಿನದಿಂದ ಅವರು ಬರುವುದನ್ನೇ ಬಿಟ್ಟರು.

ಆರನೆಯ ದಿನ ಮಧ್ಯಾಹ್ನ ಮಳೆಯಕ್ಕ ಅಕ್ಕಿಯ ಚೀಲ ಇಳಿಸಿ ಹೊರಡುವಾಗ ಬಡಗಿಯ ಹೆಂಡತಿ ಕರೆದಳು. ಅವಳು ಕಿಟಕಿಯ ಕೆಳಗೆ ಕೂತು, ಯಾರೋ ಕೊಟ್ಟ ಹಳೆಯ ಅಂಗಿಯೊಂದನ್ನು ಮಗಳ ಅಳತೆಗೆ ಬಿಚ್ಚಿ ಹೊಲಿಯುತ್ತಿದ್ದಳು.

"ಕೂತ್ಕೋ ಅಕ್ಕ. ಒಂದು ಮಾತು ಕೇಳ್ತೀನಿ."

ಮಳೆಯಕ್ಕ ಕೂತಳು.

"ಅವತ್ತು ನೀನು ಬೆಳಿಗ್ಗೆ ಒಬ್ಬಳೇ ಬಂದ್ಯಲ್ಲ. ಅವರು ನಿನ್ನ ತಮಾಷೆ ಮಾಡಿದ್ರು." ಸೂಜಿ ಬಟ್ಟೆಯೊಳಗೆ ಹೋಗಿ ಬಂತು. "ಆಮೇಲೆ ಮೇಷ್ಟ್ರು ಹೇಳಿದ್ರಲ್ಲ, ಬಾಟಲಿ, ಡಬ್ಬಿ, ಅದೆಲ್ಲ. ಬೆಳಿಗ್ಗೆ ಬಂದಾಗ ಅದು ನಿನಗೆ ಗೊತ್ತಿತ್ತಾ?"

ಹೊರಗೆ ಮಕ್ಕಳು ಬೆಂಚು ಎಳೆಯುವ ಸದ್ದು. ಇಲ್ಲ ಅಂದರೆ ಮುಗಿಯುತ್ತಿತ್ತು. ಅಪ್ಪನ ಮೇಲಿನ ಮಾತು ಅಪ್ಪನ ಮೇಲೇ ಇರುತ್ತಿತ್ತು, ಇವಳು ಮಳೆಯಕ್ಕನಾಗಿಯೇ ಉಳಿಯುತ್ತಿದ್ದಳು. ನೋಡಿ ಹೇಳಲಿ ಎಂದವನು ಉಜ್ಜುಗೊರಡು ಕೆಳಗಿಟ್ಟು ಕಾದಿದ್ದ ಆ ಒಂದು ಗಳಿಗೆ ಯಾರಿಗೂ ಗೊತ್ತಿರಲಿಲ್ಲ, ಬದುಕುಳಿದವರಲ್ಲಿ ಇವರಿಬ್ಬರನ್ನು ಬಿಟ್ಟು.

"ಗೊತ್ತಿತ್ತು," ಅಂದಳು.

ಬಡಗಿಯ ಹೆಂಡತಿ ತಲೆ ಎತ್ತಲಿಲ್ಲ. ಹೊಲಿಗೆಯ ಕೊನೆಗೆ ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಅಂಗಿಯನ್ನು ಮಂಡಿಯ ಮೇಲೆ ಹಾಸಿ, ಸುಕ್ಕು ತೀಡಿ, ಮಡಚಿಟ್ಟಳು.

"ನಾನೂ ಹಾಗೇ ಅಂದ್ಕೊಂಡೆ ನಿನ್ನ ಮುಖ ನೋಡಿ," ಅಂದಳು. "ಏನೋ ಇದೆ ಇವಳ ಹತ್ರ ಅಂತ. ಕೇಳ್ಬೇಕಿತ್ತು."

ಆಮೇಲೆ, "ಇನ್ನು ಅಕ್ಕಿ ತರೋಕೆ ಬೇರೆ ಯಾರನ್ನಾದ್ರೂ ಕಳಿಸು," ಅಂದಳು.