ಗಾಡಿಯಲ್ಲೇ ಉಳಿದ ನೀರು

ನಮ್ಮ ಕಡೆ ಕೆಂಪು ಬಂಡೆಗಳ ಕಣಿವೆಗೆ ಹೊರಡಲು ಯಾರೂ ದೊಡ್ಡ ತಯಾರಿ ಮಾಡುವುದಿಲ್ಲ. ಒಂದಿಷ್ಟು ಬ್ರೆಡ್ಡು, ಕೇಕು, ತಲೆಗೊಂದು ಟೋಪಿ, ಅಷ್ಟೇ. ಹುಟ್ಟಿದೂರಿನ ಕಲ್ಲು ನಮಗೇನು ಮಾಡೀತು ಅನ್ನುವ ಧೈರ್ಯ. ನಮ್ಮೂರ ಲಿನೆಟ್‌ಳ ಗಂಡ ಡೆನಿಸ್‌ಗಂತೂ ಆ ಧೈರ್ಯ ತುಸು ಜಾಸ್ತಿಯೇ.

ಆ ಭಾನುವಾರ ಬೆಳಿಗ್ಗೆ ಲಿನೆಟ್‌ಳ ಅಕ್ಕ ಬೆರಿಲ್ ಎರಡು ಕ್ಯಾನು ನೀರು ತಂದಳು. ಊರಿನ ಆಸ್ಪತ್ರೆಯಲ್ಲಿ ಅವಳು ನರ್ಸು.

"ಮೂರು ಜನಕ್ಕೆ ಇಷ್ಟೊಂದಾ? ನನ್ನನ್ನೇನು ಒಂಟೆ ಅಂದ್ಕೊಂಡ್ಯಾ?" ಅಂದ ಡೆನಿಸ್.

"ಒಂಟೆ ಆಗಿದ್ರೆ ನೀರೇ ತರ್ತಿರ್ಲಿಲ್ಲ. ಲಿನೆಟ್, ಯಾವ ಕಣಿವೆ? ವಾಪಸ್ಸು ಎಷ್ಟೊತ್ತಿಗೆ?"

"ಉತ್ತರದ್ದು, ಅಕ್ಕ. ಮೂರಕ್ಕೆಲ್ಲ ಮನೇಲಿರ್ತೀವಿ."

"ನಾಲ್ಕಾದ್ರೂ ಬರ್ದೇ ಇದ್ರೆ ಹುಡುಕ್ಕೊಂಡು ಬರ್ತೀನಿ."

"ಬರೋವಾಗ ಟೀ ತಗೊಂಡ್ ಬಾ," ಎಂದು ಡೆನಿಸ್ ಗಾಡಿ ಹೊರಡಿಸಿದ.

ಕಣಿವೆಯ ಬಾಯಲ್ಲಿ ಗಾಡಿ ನಿಲ್ಲಿಸಿ, ಭಾರ ಅಂತ ಎರಡೂ ಕ್ಯಾನು ಅಲ್ಲೇ ಬಿಟ್ಟ. ಒಬ್ಬೊಬ್ಬರಿಗೆ ಒಂದೊಂದು ಬಾಟಲಿ ಸಾಕೆಂದ. ರಜೆಯ ದಿನ ಜಗಳ ಯಾಕೆ ಎಂದು ಲಿನೆಟ್ ತನ್ನ ಬಾಟಲಿ ಎತ್ತಿಕೊಂಡಳು.

ಒಣಗಿದ ಹಳ್ಳದುದ್ದಕ್ಕೂ ನಡೆದರು. ಎರಡೂ ಕಡೆ ಗೋಡೆಯಂತೆ ಎದ್ದ ಬಂಡೆಗಳು. ಮಗಳು ಕಾರಿನ್ ಪುಟ್ಟ ಕಾಂಗರೂಗಳನ್ನು ಹುಡುಕುತ್ತ ಮುಂದೆ ಓಡುತ್ತಿದ್ದಳು. ಚೆನ್ನಾಗಿಯೇ ಇತ್ತು. ಊಟವಾದ ಮೇಲೆ ಡೆನಿಸ್ ಹೇಳಿದ: "ಬಂದ ದಾರೀಲೇ ಯಾಕೆ ಹೋಗ್ಬೇಕು? ಈ ಗುಡ್ಡ ಹತ್ತಿ ಇಳಿದ್ರೆ ಗಾಡಿ ಅಲ್ಲೇ."

ಹತ್ತಿ ಇಳಿದರು. ಗಾಡಿ ಇರಲಿಲ್ಲ. ಇನ್ನೊಂದು ಹಳ್ಳ, ಅದರಾಚೆ ಮತ್ತೊಂದು, ಎಲ್ಲವೂ ಒಂದೇ ಥರ. ಫೋನಿಗೆ ಸಿಗ್ನಲ್ ಇಲ್ಲ. ಬಾಟಲಿಗಳು ಬರಿದಾದವು. ಬಂಡೆಗಳು ಒಲೆಯ ಹಾಗೆ ಕಾವು ಉಗುಳತೊಡಗಿದವು. ಕಾರಿನ್ ಕೂತಲ್ಲೇ ವಾಂತಿ ಮಾಡಿದಳು.

"ನೀವಿಲ್ಲೇ ಇರಿ. ನಾನೊಬ್ಬನೇ ಬೇಗ ಹೋಗಿ ನೀರು ತರ್ತೀನಿ," ಅಂದ ಡೆನಿಸ್.

"ಯಾವ ಕಡೆ ಹೋಗ್ತೀಯ?"

ಅವನು ಸುತ್ತ ನೋಡಿದ. ಎಲ್ಲ ಕಡೆಯೂ ಅದೇ ಬಂಡೆ, ಅದೇ ಹಳ್ಳ.

ಲಿನೆಟ್ ಅವನ ತೋಳು ಹಿಡಿದಳು. "ಯಾರೂ ಎಲ್ಲೂ ಹೋಗೋದಿಲ್ಲ. ಅಕ್ಕಂಗೆ ಗೊತ್ತು, ನಾವು ಈ ಕಡೆ ಬಂದಿದೀವಿ ಅಂತ. ಬಂದೇ ಬರ್ತಾಳೆ. ನೀನೂ ಕಳೆದ್ಹೋದ್ರೆ ಅವಳು ಯಾರನ್ನ ಅಂತ ಹುಡುಕ್ಬೇಕು?"

ಡೆನಿಸ್ ಕುಸಿದಂತೆ ಕೂತ. ಬಂಡೆಯ ನೆರಳಲ್ಲಿ ಕಾರಿನ್‌ಳನ್ನು ಮಲಗಿಸಿ, ಟೋಪಿಯಿಂದ ಗಾಳಿ ಹಾಕಿದರು. ಊಟಕ್ಕೆ ಹಾಸಿದ್ದ ಬಿಳಿ ಬಟ್ಟೆಯನ್ನು ಲಿನೆಟ್ ದೂರಕ್ಕೂ ಕಾಣುವಂತೆ ಬಯಲ ಬಂಡೆಯ ಮೇಲೆ ಹರಡಿ, ಕಲ್ಲು ಇಟ್ಟಳು. ಆಮೇಲೆ ಕಾಯುವುದೊಂದೇ ಕೆಲಸ. ಮಗಳ ಉಸಿರು ಎಣಿಸುತ್ತ, ಬೆರಿಲ್ ಮರೆತಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ತಳ್ಳಿಹಾಕುತ್ತ ಕೂತಳು.

ನೆರಳು ಉದ್ದವಾಗಿತ್ತು. ಗುಡ್ಡದ ಮೇಲಿಂದ ಸೀಟಿ ಕೇಳಿತು. ಊರಿನ ರಕ್ಷಣಾ ತಂಡದ ಇಬ್ಬರು ಬಿಳಿ ಬಟ್ಟೆಯತ್ತ ಕೈ ತೋರಿಸುತ್ತ ಇಳಿಯುತ್ತಿದ್ದರು. ಅವರ ಮುಂದೆ ಬೆರಿಲ್. ಲಿನೆಟ್ ಕೂತಲ್ಲೇ ಅತ್ತಳು.

"ಒಂದೇ ಸಲ ಗಟಗಟ ಬೇಡ ಪುಟ್ಟಿ, ಗುಟುಕು ಗುಟುಕಾಗಿ," ಎಂದು ಬೆರಿಲ್ ಕಾರಿನ್‌ಗೆ ನೀರು ಕುಡಿಸಿದಳು, ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿದಳು. ಸ್ವಲ್ಪ ಹೊತ್ತಿಗೆ ಹುಡುಗಿ ಎದ್ದು ಕೂತು, "ದೊಡ್ಡಮ್ಮ, ಕೇಕು ಇದ್ಯಾ?" ಅಂದಳು. ಎಲ್ಲರ ಎದೆಯ ಮೇಲಿನ ಕಲ್ಲು ಇಳಿಯಿತು.

"ಕ್ಯಾನು ಗಾಡೀಲೇ ಬಿಟ್ಟೆ," ಅಂದ ಡೆನಿಸ್, ನೆಲ ನೋಡುತ್ತ.

"ನೋಡ್ದೆ. ಗಾಡಿಗೆ ಬಾಯಾರಿರ್ಲಿಲ್ಲ."

ಅವನು ನಕ್ಕ. ನಗುವಾಗಲೇ ಕಣ್ಣೊರೆಸಿಕೊಂಡ. ಈಗ ಅವನ ಗೆಳೆಯರು ಯಾರೇ ಕಣಿವೆಗೆ ಹೊರಟರೂ ಮೊದಲು ಅವನ ಪ್ರಶ್ನೆಗೆ ಉತ್ತರ ಹೇಳಬೇಕು: "ಎಷ್ಟು ನೀರು? ಯಾರಿಗೆ ಹೇಳಿ ಬಂದೆ?"

ನೀವೂ ಮಕ್ಕಳನ್ನು ಕರೆದುಕೊಂಡು ಬೆಟ್ಟ, ಕಣಿವೆಗೆ ಹೋಗುತ್ತೀರಿ. ಹೋಗಿ, ನೋಡಿ, ಸಂತೋಷಪಡಿ. ಬೇಕೆನಿಸಿದ್ದಕ್ಕಿಂತ ಹೆಚ್ಚೇ ನೀರು ಹೊತ್ತುಕೊಳ್ಳಿ, ಬಿಸಿಲೇರುವ ಮೊದಲೇ ತಿರುಗಿ. ಗೊತ್ತಿಲ್ಲದ ಅಡ್ಡದಾರಿ ಬೇಡ. ದಾರಿ ತಪ್ಪಿದರೆ ಒಟ್ಟಿಗೇ ನೆರಳಲ್ಲಿ ಕೂತು ಕಾಯಿರಿ. ಹೊರಡುವ ಮುಂಚೆ ಮರೆಯದೆ, ನೀವು ಎಲ್ಲಿರುತ್ತೀರಿ ಎಂದು ನಿಮ್ಮನ್ನು ಹುಡುಕಿಕೊಂಡು ಬರುವ ಒಬ್ಬರಿಗಾದರೂ ಹೇಳಿ.